ಒಂದೂವರೆ ಲಕ್ಷದ ಹಾರರ್: ದುಡ್ಡು ಪ್ರೇತಕ್ಕಾ, ಶಬ್ದಕ್ಕಾ?

ಕಟಪಾಡಿ_ಫ್ರೇಮ್:
20 ನಿಮಿಷದ ಹಾರರ್ ಕಿರುಚಿತ್ರ, ಕೈಯಲ್ಲಿರುವುದು ಒಂದೂವರೆ ಲಕ್ಷ. ಉಡುಪಿ ಹತ್ತಿರ ಹಳೇ ಹಂಚಿನ ಮನೆ ಜುಲೈ ಕೊನೆಗೆ ನಾಲ್ಕು ರಾತ್ರಿ ಸಿಗ್ತದೆ. ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾ, ಕಡಿಮೆ ಬೆಳಕಿಗೂ ಆಗುವ ಎಫ್1.8 ಲೆನ್ಸ್, ಎರಡು ಎಲ್ಇಡಿ ಪ್ಯಾನೆಲ್ ಉಂಟು. ಪ್ರೇತದ ವಿಎಫ್ಎಕ್ಸ್‌ಗೆ (ಕಂಪ್ಯೂಟರ್ ಗ್ರಾಫಿಕ್ಸ್) 60 ಸಾವಿರ ಎತ್ತಿಟ್ಟಿದ್ದೇವೆ. ಸರಿಯಾ? ಕಡಿಮೆ ಬಜೆಟ್ ಹಾರರ್ ಮಕಾಡೆ ಮಲಗುವುದು ಎಲ್ಲಿ?

ಮೈಕ್_ಹಿಡಿದವ:
ಅಲ್ಲೇ ಮಲಗುವುದು ಮಾರಾಯ್ರೆ, ಆ 60 ಸಾವಿರದಲ್ಲಿ. ಅಗ್ಗದ ಗ್ರಾಫಿಕ್ಸ್ ಪ್ರೇತ ಕಂಡರೆ ಜನ ನಗ್ತಾರೆ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲಿ ಮಾಟಗಾತಿ ಒಂದು ಫ್ರೇಮಿನಲ್ಲೂ ಇಲ್ಲ, ಇರುವುದು ಟೆಂಟಿನ ಹೊರಗಿನ ಸದ್ದು. ಚಿತ್ರ ಒರಟಾದರೆ ಹಾರರಿನಲ್ಲಿ ನಡೀತದೆ, ಮಾತು ಕೇಳದಿದ್ದರೆ ಇಲ್ಲ.

ಜುಲೈಯಲ್ಲಿ ಹಂಚಿನ ಮೇಲೆ ಮಳೆ ಬಿದ್ದರೆ ಡೈಲಾಗ್ ಹೋಯ್ತು ಅಂತಲೇ ಲೆಕ್ಕ. ಮಾತಿರುವ ದೃಶ್ಯ ಕಡಿಮೆ ಮಾಡಿ, ಉಳಿದದ್ದಕ್ಕೆ ಡಬ್ಬಿಂಗ್. ಬರೀ ಸ್ಟುಡಿಯೋ ಧ್ವನಿ ಅಂಟಿಸಿದರೆ ರೇಡಿಯೋ ನಾಟಕದ ಹಾಗೆ ಕೇಳ್ತದೆ. ಅದಕ್ಕೆ ಪ್ರತಿ ಕೋಣೆಯಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು 60 ಸೆಕೆಂಡ್ ಮೌನ ರೆಕಾರ್ಡ್ ಮಾಡಿ, ಡಬ್ಬಿಂಗ್ ಧ್ವನಿಯ ಅಡಿಗೆ ಅದನ್ನು ಹಾಕಿ. ಮಳೆ ಬಿಟ್ಟಾಗ ಜೀರುಂಡೆ, ಕಪ್ಪೆ ಎರಡೆರಡು ನಿಮಿಷ ಹಿಡಿದು ಇಡೀ ದೃಶ್ಯದ ಅಡಿಗೆ ಹಾಸಿ. ಇಲ್ಲದಿದ್ದರೆ ಶಾಟ್ ಕಟ್ ಆಗುವ ಪ್ರತಿ ಕಡೆಯೂ ಜೀರುಂಡೆ ಸದ್ದು ಜಿಗೀತದೆ. ಬಾವಿಯ ರಾಟೆ, ಬಾಗಿಲಿನ ಅಗುಳಿ ಬೇರೆಯಾಗಿ ರೆಕಾರ್ಡ್ ಮಾಡಿ, ರೆಕಾರ್ಡರ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಫ್ರಿಜ್ಜಿನ ಗುಂಯ್ ಸದ್ದು ಬೀಳದ ಹಾಗೆ ಅದನ್ನು ಆಫ್ ಮಾಡಿ ಕಾರಿನ ಕೀ ಅದರೊಳಗಿಡಿ, ಹೊರಡುವಾಗ ಆನ್ ಮಾಡ್ಲಿಕ್ಕೆ ಮರೆಯುವುದಿಲ್ಲ.

ಗಾಜಿನ_ಹಂಚು:
ಬೆಳಕಿನ ಮಟ್ಟಿಗೆ ಆ ಮನೆಯೇ ನಿಮ್ಮ ಬಂಡವಾಳ. ಮಾಡಿನಲ್ಲಿ (ಛಾವಣಿಯಲ್ಲಿ) ಗಾಜಿನ ಹಂಚು ಇದ್ದರೆ ಒಂದು ಪ್ಯಾನೆಲ್ಲನ್ನು ಬಿದಿರಿಗೆ ಕಟ್ಟಿ ಹೊರಗಿನಿಂದ ಅದರ ಮೇಲೆ ಹಿಡಿಸಿ. ಲೋಬಾನ ಸ್ವಲ್ಪ ಹೊಗೆಯಾಡಿಸಿದರೆ ಬೆಳದಿಂಗಳ ಕೋಲು ನೆಲಕ್ಕೆ ಇಳೀತದೆ. ಒದ್ದೆ ಹಂಚು ಹತ್ತಲೇಬೇಡಿ, ಮಳೆ ಬಂದರೆ ಪ್ಯಾನೆಲ್ ಇಳಿಸಿ.

25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್), ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, 1/60 ಇಟ್ಟರೆ ಮನೆಯ ಬಲ್ಬು ಮಿನುಗುವ ಸಾಧ್ಯತೆ ಹೆಚ್ಚು. ಕತ್ತಲೆಯನ್ನು ಕ್ಯಾಮೆರಾದಲ್ಲೇ ತೆಗೀಲಿಕ್ಕೆ ಹೋಗಬೇಡಿ. ಒಂದು ಸ್ಟಾಪ್ ಹೆಚ್ಚು, ಅಂದ್ರೆ ಎರಡು ಪಟ್ಟು ಬೆಳಕಲ್ಲಿ ತೆಗೆದು, ಆಮೇಲೆ ಗ್ರೇಡಿಂಗಿನಲ್ಲಿ (ಬಣ್ಣ-ಬೆಳಕು ತಿದ್ದುವಾಗ) ಇಳಿಸಿ. ಯೂಟ್ಯೂಬಿಗೆ ಹಾಕಿದಾಗ ಬರೀ ಕಪ್ಪು ಚೌಕಚೌಕವಾಗಿ ಒಡೀತದೆ. ಎಸಿ ಕೋಣೆಯಿಂದ ತಂದ ಕ್ಯಾಮೆರಾ ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ, ಇಲ್ಲವಾದರೆ ಲೆನ್ಸಿಗೆ ಮಂಜು.

ಬಣ್ಣದಂಗಡಿ:
ರಕ್ತ ಇದ್ದರೆ: ಒಂದು ಕಪ್ ಲಿಕ್ವಿಡ್ ಗ್ಲೂಕೋಸ್ (ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ), ಕಾಲು ಕಪ್ ನೀರು, ಎರಡು ಚಮಚ ಕೆಂಪು ಫುಡ್ ಕಲರ್, ಅರ್ಧ ಚಮಚ ಕೋಕೋ ಪುಡಿ, ನೀಲಿ ಒಂದೇ ಹನಿ. ಕೋಕೋ ಬಿಟ್ಟರೆ ಶರಬತ್ತಿನ ಹಾಗೆ ಕಾಣ್ತದೆ. ಟೇಕಿಗೆ ಮೊದಲಷ್ಟೇ ಚೆಲ್ಲಿ, ಮುಗಿದ ಕೂಡಲೇ ಬಿಸಿನೀರಲ್ಲಿ ಒರೆಸಿ, ಇರುವೆ ಕಾಯುವುದಿಲ್ಲ. ಮುಖ್ಯ ವಿಷಯ: ಹಳೇ ಮನೆಯದ್ದು ರೆಡ್ ಆಕ್ಸೈಡ್ ನೆಲ ಆದರೆ ಅದರ ಮೇಲೆ ರಕ್ತ ಕಾಣುವುದೇ ಇಲ್ಲ! ಬಿಳಿ ಮುಂಡು ಹಾಸಿ, ಅಥವಾ ಬಾಳೆಲೆ ಮೇಲೆ ಬೀಳಿಸಿ.

ಕಟಪಾಡಿ_ಫ್ರೇಮ್:
ಉಪಕಾರ. ಹಾಗಾದ್ರೆ ಪ್ರೇತದ ಬದಲು ಭೂತಕೋಲದ ದೈವದ ವೇಷದಲ್ಲಿ ಒಬ್ಬರನ್ನು ನಿಲ್ಲಿಸಿದ್ರೆ?

ಮೈಕ್_ಹಿಡಿದವ:
ಬೇಡವೇ ಬೇಡ. ದೈವ ಅಂದ್ರೆ ದೆವ್ವ ಅಲ್ಲ. ಊರವರ ನಂಬಿಕೆಯನ್ನು ಹೆದರಿಸುವ ವೇಷ ಮಾಡಿದರೆ ಮನೆ ಕೊಟ್ಟವರೇ ಎರಡನೇ ರಾತ್ರಿಗೆ ಬೀಗ ಹಾಕ್ತಾರೆ, ತಪ್ಪು ಅವರದ್ದಲ್ಲ. ಜುಲೈ ಕೊನೆ ಅಂದ್ರೆ ತುಳುವರ ಆಟಿ ತಿಂಗಳು, ಕುಲೆಗಳಿಗೆ (ಮನೆಯ ತೀರಿಹೋದವರ ಆತ್ಮಗಳಿಗೆ) ಬಡಿಸುವ ಸಮಯ. ಬಡಿಸಿ ಬಾಗಿಲು ಹಾಕಿದ ಕೋಣೆ, ಹೊರಗೆ ಕೂತ ಮನೆಯವರು, ಒಳಗಿನಿಂದ ನೀರಿನ ಲೋಟ ಕೆಳಗಿಟ್ಟ ಸದ್ದು. ವಿಎಫ್ಎಕ್ಸ್ ಖರ್ಚು ಸೊನ್ನೆ. ಲೋಟ ಹಿತ್ತಾಳೆಯದ್ದೇ ಇರಲಿ, ಸ್ಟೀಲಿನದ್ದು ಹೋಟೆಲಿನ ಸದ್ದು ಮಾಡ್ತದೆ.