ಗೋಧಿಹುಲ್ಲು: ಕೋಕೋಪೀಟ್‌ನಲ್ಲಿ ತುದಿ ಒಣಗುತ್ತಿದೆ, ಮಣ್ಣಿನ ಟ್ರೇಯಲ್ಲಿ ಬಿಳಿ ಎಳೆ

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ಒಂದೇ ಚೀಲದ ಗೋಧಿಯನ್ನು ರಾತ್ರಿಯಿಡೀ ನೆನೆಹಾಕಿ, ಮೊಳಕೆ ಒಡೆದ ಮೇಲೆ ಮೂರು ಕಡೆ ಹರಡಿದ್ದೇನೆ: ಎರೆಹುಳು ಗೊಬ್ಬರ ಬೆರೆಸಿದ ಕೆಂಪು ಮಣ್ಣು, ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮತ್ತು ನೀರಿನ ಮೇಲಿಟ್ಟ ಜಾಲರಿ ತಟ್ಟೆ. ಮೂರಕ್ಕೂ ಬೋರ್‌ವೆಲ್ ನೀರು, ಒಂದೇ ಬಾಲ್ಕನಿಯ ಬೆಳಕು. ಕೋಕೋಪೀಟ್‌ನ ಹುಲ್ಲಿನ ತುದಿ ಕಂದುಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಮಣ್ಣಿನ ಟ್ರೇಯಲ್ಲಿ ಬುಡದ ಸುತ್ತ ಬಿಳಿ ಎಳೆಗಳಿವೆ. ಜಾಲರಿ ತಟ್ಟೆಯಲ್ಲಿ ಮೊದಲ ಕೊಯ್ಲು ಚೆನ್ನಾಗಿತ್ತು, ಎರಡನೆಯದು ತೆಳ್ಳಗೆ ಹಳದಿಯಾಗಿ ಬರುತ್ತಿದೆ. ಅಮ್ಮನಿಗೆ ರಸ ಮಾಡಿಕೊಡಲು ಬೆಳೆಯುತ್ತಿದ್ದೇನೆ. ಯಾವುದರಲ್ಲಿ ಸತ್ವ ಹೆಚ್ಚೆಂದು ದಯವಿಟ್ಟು ತಿಳಿಸಿ.

ಉತ್ತರ:
ಮೊದಲ ಕೊಯ್ಲಿನವರೆಗೆ ಹುಲ್ಲು ಬಹುಮಟ್ಟಿಗೆ ಕಾಳಿನೊಳಗಿನ ಪಿಷ್ಟ ಮತ್ತು ಪ್ರೋಟೀನಿನ ದಾಸ್ತಾನಿನಿಂದಲೇ ಬೆಳೆಯುತ್ತದೆ. ಆದ್ದರಿಂದ ಆ ಹಂತದಲ್ಲಿ ಮಾಧ್ಯಮವು, ಅಂದರೆ ಹುಲ್ಲು ಬೇರೂರುವ ಮಣ್ಣು, ಕೋಕೋಪೀಟ್ ಅಥವಾ ನೀರು, ಬೇರಿಗೆ ಎಷ್ಟು ಗಾಳಿ, ಎಷ್ಟು ನೀರು, ಎಷ್ಟು ಉಪ್ಪು ಕೊಡುತ್ತದೆ ಎಂಬುದೇ ಮುಖ್ಯ, ಗೊಬ್ಬರ ಆಮೇಲಿನ ಮಾತು.

ತುದಿ ಒಣಗಲು ಉಪ್ಪೇ ಕಾರಣವಿರಬೇಕೆಂದು ನನ್ನ ಅಂದಾಜು. ತೊಳೆಯದ ಕೋಕೋಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಉಳಿದಿರುತ್ತವೆ, ಅದಕ್ಕೆ ಗಡಸು ಬೋರ್‌ವೆಲ್ ನೀರಿನ ಲವಣವೂ ಸೇರುತ್ತದೆ. ಮನೆಯ ಫಿಲ್ಟರ್ ಪರೀಕ್ಷಿಸುವ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಉಪಕರಣ) ಇದ್ದರೆ, ಟ್ರೇಗೆ ಹಾಕುವ ನೀರನ್ನೂ ಕೆಳಗಿನ ತೂತಿನಿಂದ ಇಳಿದು ಬರುವ ನೀರನ್ನೂ ಅಳೆದು ನೋಡಿ. ಇಳಿದ ನೀರಿನ ಅಂಕಿ ಬಹಳ ಮೇಲಿದ್ದರೆ ಮುಂದಿನ ಸಲ ಬಿತ್ತುವ ಮೊದಲು, ಎರಡೂ ಅಂಕಿಗಳು ಹತ್ತಿರ ಬರುವ ತನಕ, ಕೋಕೋಪೀಟನ್ನು ನೆನೆಸಿ, ಹಿಂಡಿ, ಮತ್ತೆ ತೊಳೆಯಬೇಕು. ಸಿಹಿನೀರು ಅಥವಾ ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಬಿಳಿ ಎಳೆಗಳನ್ನೆಲ್ಲ ಬೂಷ್ಟು ಎಂದುಕೊಳ್ಳಬೇಡಿ. ನೀರು ಸಿಂಪಡಿಸಿದೊಡನೆ ಬೇರಿಗೆ ಅಂಟಿಕೊಂಡು ಮರೆಯಾದರೆ ಅವು ಬೇರುರೋಮಗಳು. ಒದ್ದೆಯಾದರೂ ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹಬ್ಬಿಕೊಂಡೇ ಇದ್ದು, ಮುಗ್ಗಲು ವಾಸನೆ ಬಂದರೆ ಬೂಷ್ಟು. ಆ ಹುಲ್ಲಿನ ರಸ ಬೇಡ. ಒತ್ತಾದ ಬಿತ್ತನೆ, ಒಡೆದ ಕಾಳು, ನಿಂತ ನೀರು ಇವೇ ಅದರ ಮೂಲ. ನೆನೆಸುವಾಗ ತೇಲುವ ಕಾಳನ್ನು ತೆಗೆದುಹಾಕಿ, ಕಾಳು ಒಂದರ ಮೇಲೊಂದು ಬೀಳದಂತೆ ಹರಡಿ.

ಇನ್ನು ಸತ್ವದ ಪ್ರಶ್ನೆ. ಒಣ ಗೋಧಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವವನ್ನು ಮೊಳಕೆ ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಕಬ್ಬಿಣ, ಸತು, ಮೆಗ್ನೀಸಿಯಂಗಳನ್ನು ಯಾವ ಗಿಡವೂ ಸೃಷ್ಟಿಸಲಾರದು. ಕಾಳಿನಲ್ಲಿದ್ದದ್ದು, ನೀರಿನಲ್ಲಿ ಬಂದದ್ದು, ಮಾಧ್ಯಮ ಕೊಟ್ಟದ್ದು, ಇಷ್ಟೇ. ಜಾಲರಿ ತಟ್ಟೆಯ ಎರಡನೇ ಚಿಗುರು ಸೊರಗಿದ್ದು ಕಾಳಿನ ದಾಸ್ತಾನು ಬರಿದಾದ ಮೇಲೆ ಸಾರಜನಕ ಸಿಗದೆ. ಹಾಗಾಗಿ ಒಂದೇ ಕೊಯ್ಲು ಸಾಕೆಂದರೆ ಮೂರೂ ಆಗಬಹುದು, ಎರಡನೆಯದೂ ಬೇಕೆಂದರೆ ನನ್ನ ಆಯ್ಕೆ ಮಣ್ಣು ಮತ್ತು ಎರೆಹುಳು ಗೊಬ್ಬರವೇ. ಗೊಬ್ಬರ ಅತಿಯಾದರೆ, ಅದರಲ್ಲೂ ಬೆಳಕು ಕಡಿಮೆಯಿದ್ದರೆ, ಎಲೆಯಲ್ಲಿ ನೈಟ್ರೇಟ್ ಎಂಬ ಸಾರಜನಕದ ಲವಣ ಶೇಖರವಾಗುತ್ತದೆ, ಆದ್ದರಿಂದ ಗೊಬ್ಬರ ಮಿತವಾಗಿರಲಿ. ಹಸಿ ಸಗಣಿಯಂತೂ ಬೇಡವೇ ಬೇಡ, ಹಸಿಯಾಗಿ ಕುಡಿಯುವ ರಸವಿದು.

ಪ್ರಶ್ನೆ ಕೇಳಿದವರು:
ತುಂಬ ಉಪಕಾರವಾಯಿತು. ಬೀಜದಂಗಡಿಯ ಬಿತ್ತನೆ ಗೋಧಿ ಚೆನ್ನಾಗಿ ಮೊಳೆಯುತ್ತದೆ ಎನ್ನುತ್ತಾರೆ, ತರಬಹುದೇ?

ಉತ್ತರ:
ಬೇಡ. ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಕೆಂಪು, ಗುಲಾಬಿ ಬಣ್ಣದ ಲೇಪನ ಅದರ ಗುರುತು, ತೊಳೆದರೂ ಅದು ತಿನ್ನಲು ಯೋಗ್ಯವಾಗುವುದಿಲ್ಲ. ದಿನಸಿ ಅಂಗಡಿಯ ಇಡೀ ಗೋಧಿಯನ್ನೇ ತಂದು, ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಪರೀಕ್ಷಿಸಿದ ಮೇಲೆ ಟ್ರೇಗೆ ಹಾಕಿ.