ನವೆಂಬರ್ ಕತ್ತಲಿಗೆ ಒಂದು ಪುಸ್ತಕ

ಪ್ರಶ್ನೆ: ಬಾಸ್ಟನ್ನಿನಲ್ಲಿ ಮೇಪಲ್ ಎಲೆಗಳು ಕೆಂಪೇರುತ್ತಿವೆ. ಬೇಸಿಗೆಯಿಡೀ ಪತ್ತೇದಾರಿ ಕಾದಂಬರಿಗಳನ್ನೇ ಓದಿ ನಾಲಿಗೆ ಜಡ್ಡುಗಟ್ಟಿದಂತಾಗಿದೆ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ನವೆಂಬರ್ ಬರುವ ಮುನ್ನ ಕನ್ನಡದಲ್ಲಿ ಏನನ್ನು ತರಿಸಲಿ? ದಯವಿಟ್ಟು ಆತ್ಮಕಥೆ ಬೇಡ. ಮಾವನವರು ಈಗಾಗಲೇ ಮೂರು ಕಳುಹಿಸಿದ್ದಾರೆ.

ಉತ್ತರ 1: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಮಳೆ, ಕಾಡು, ಉಂಬಳ ಎಲ್ಲವೂ ಇವೆ. ಮೊದಮೊದಲು ಪಾತ್ರಗಳ ಹೆಸರು ಗೊಂದಲಗೊಳಿಸುತ್ತವೆ. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಉತ್ತರ 2: ಅಷ್ಟು ದಪ್ಪದ್ದು ಬೇಡವಾದರೆ ಬಾನು ಮುಷ್ತಾಕ್ ಅವರ ಕಥೆಗಳು. ದೀಪಾ ಭಾಸ್ತಿಯವರ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಿದೆ. ಅಲ್ಲಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ಪ್ರತಿ ಕಂಡರೂ ಮುಟ್ಟಬೇಡಿ, ಕನ್ನಡದಲ್ಲೇ ಓದಿ.

ಕೇಳಿದವಳು: ಮೊದಲು ಮದುಮಗಳು. ಮಾವನವರಿಗೆ ಫೋನ್ ಮಾಡಿದೆ. ಜೊತೆಗೆ ಇನ್ನೊಂದು ಆತ್ಮಕಥೆಯೂ ಬರುತ್ತದಂತೆ.