ಗಾರೆ ಮೆತ್ತುವ ಮೊದಲೇ ಕಂಡ ದೋಷಗಳು: ಗುತ್ತಿಗೆದಾರರಿಂದ ಸರಿಪಡಿಸಿಕೊಂಡವರ ಅನುಭವ

ಕೇಳಿದವರು, ತುಮಕೂರು

ಮೂವತ್ತು–ನಲವತ್ತರ ನಿವೇಶನದಲ್ಲಿ ಎರಡು ಅಂತಸ್ತಿನ ಮನೆಯನ್ನು ಸಾಮಗ್ರಿ ಸಹಿತ ಗುತ್ತಿಗೆಗೆ ಕೊಟ್ಟು ಕಟ್ಟಿಸುತ್ತಿದ್ದೇವೆ. ಎರಡನೆಯ ಮೌಲ್ಡಿನ (ಚಾವಣಿ ಕಾಂಕ್ರೀಟಿನ) ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿದಾಗ ಒಂದು ಬೀಮಿನ ಅಡಿಯಲ್ಲಿ ಸುಮಾರು ಎರಡಡಿ ಉದ್ದಕ್ಕೆ ಜಲ್ಲಿ ಬಿಟ್ಟುಕೊಂಡು ಜೇನುಗೂಡಿನಂತೆ ತೂತುಗಳಾಗಿದ್ದವು. ಒಂದೆಡೆ ಕಂಬಿಯೇ ಕಾಣುತ್ತದೆ. ಮಹಡಿಯ ಬಾತ್‌ರೂಮಿಗಾಗಿ ತಗ್ಗಿಸಿದ ಸ್ಲ್ಯಾಬಿನಲ್ಲಿ ಕ್ಯೂರಿಂಗ್ ನೀರು ನಿಂತಾಗ ಕೆಳಗಿನ ಕೋಣೆಯ ಸೂರು ಒದ್ದೆಯಾಗುತ್ತದೆ. ಪ್ಲಾಸ್ಟರಿಂಗ್ ಆದರೆ ಎಲ್ಲವೂ ಸರಿಹೋಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಕೆಲಸ ಅರ್ಧಕ್ಕಿಂತ ತುಸು ಹೆಚ್ಚು ಮುಗಿದಿದ್ದರೂ ನಾವು ನೂರಕ್ಕೆ ಎಪ್ಪತ್ತು ಭಾಗ ಹಣ ಕೊಟ್ಟುಬಿಟ್ಟಿದ್ದೇವೆ, ಮೇಲಾಗಿ ವೈಶಾಖದಲ್ಲಿ ಗೃಹಪ್ರವೇಶಕ್ಕೆ ದಿನ ನೋಡಿಸಿದ್ದಾಗಿದೆ. ಮನಸ್ತಾಪವಿಲ್ಲದೆ ಇದನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂದು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ನಿವೃತ್ತ ಎಂಜಿನಿಯರ್, ಮೈಸೂರು

ಮನಸ್ತಾಪದ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು, ಆ ಬೀಮಿಗೆ ಯಾರೂ ಗಾರೆ ಮೆತ್ತದಂತೆ ಇಂದೇ ತಡೆಯಿರಿ. ಕಣ್ಣಿಗೆ ಕಾಣುವ ದೋಷದ ಬಗ್ಗೆ ಮಾತನಾಡುವುದು ಸುಲಭ. ಮುಚ್ಚಿದ ಮೇಲೆ ಅದನ್ನು ಸಾಬೀತುಪಡಿಸುವ ಹೊಣೆ ಪೂರ್ತಿಯಾಗಿ ನಿಮ್ಮ ತಲೆಗೆ ಬರುತ್ತದೆ.

ಕಾಂಕ್ರೀಟ್ ಸುರಿಯುವಾಗ ವೈಬ್ರೇಟರ್ ಸರಿಯಾಗಿ ಆಡಿಸದಿದ್ದರೆ, ಸೆಂಟ್ರಿಂಗ್ ಹಲಗೆಗಳ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋದರೆ, ಅಥವಾ ಕಂಬಿಗಳು ಒತ್ತೊತ್ತಾಗಿದ್ದು ಅವುಗಳ ನಡುವೆ ಜಲ್ಲಿ ಇಳಿಯದಿದ್ದರೆ ಇಂತಹ ತೂತುಗಳಾಗುತ್ತವೆ. ಅವು ಎಷ್ಟು ಆಳಕ್ಕಿವೆ ಎಂಬುದೇ ಮುಖ್ಯ ಪ್ರಶ್ನೆ, ಮತ್ತು ಅದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಸಡಿಲವಾಗಿರುವುದನ್ನೆಲ್ಲ ಉಳಿಯಿಂದ ಬಿಡಿಸಿ, ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಹೋಗಬೇಕು. ಆದರೆ ಉಳಿ ಹಾಕುವ ಮೊದಲು ಬೀಮಿನ ಕೆಳಗೆ ಆಸರೆ ಕೊಡುವ ಪ್ರಾಪ್‌ಗಳನ್ನು ಮತ್ತೆ ನಿಲ್ಲಿಸಿರಬೇಕು. ಇದನ್ನು ಮರೆತು ಕೆತ್ತಲು ಶುರುಮಾಡಿದ ಒಂದು ಜಾಗದಲ್ಲಿ ನಾನೇ ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡಿದ್ದೇನೆ. ತೂತುಗಳು ಕಂಬಿಯ ಹೊರಗಿನ ಹೊದಿಕೆಯ ದಪ್ಪದಲ್ಲೇ, ಅಂದರೆ ಸುಮಾರು 25ರಿಂದ 30 ಮಿಲಿಮೀಟರಿನೊಳಗೆ ನಿಂತಿದ್ದರೆ, ಜಾಗವನ್ನು ತೊಳೆದು ಬಂಧಕ ದ್ರಾವಣ ಬಳಿದು ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿದರೆ ಸಾಕಾಗಬಹುದು. ನಿಮ್ಮಲ್ಲಿ ಕಂಬಿಯೇ ಕಂಡಿರುವುದರಿಂದ ತೂತುಗಳು ಕಂಬಿಯ ಹಿಂದಕ್ಕೂ ಹೋಗಿರುವ ಸಂಭವವಿದೆ. ಹಾಗಿದ್ದರೆ ಸಣ್ಣ ಜಲ್ಲಿಯ, ಸುಲಭವಾಗಿ ಹರಿಯುವ ಮೈಕ್ರೋ ಕಾಂಕ್ರೀಟ್ ತುಂಬುವುದೋ, ಒತ್ತಡದಲ್ಲಿ ಗ್ರೌಟಿಂಗ್ (ತೆಳು ದ್ರಾವಣ ತುಂಬುವುದು) ಮಾಡುವುದೋ ಎಂಬುದನ್ನು ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಿ ಬರೆದುಕೊಡಬೇಕು. ಬಾಯಿಮಾತಿನ ಸಲಹೆ ಬೇಡ.

ಇನ್ನೆರಡು ವಿಷಯಗಳನ್ನು ಗುತ್ತಿಗೆದಾರರಿಂದ ಕೇಳಿ ತಿಳಿದುಕೊಳ್ಳಿ. ಆ ಬೀಮಿನ ಪ್ರಾಪ್‌ಗಳನ್ನು ಎಷ್ಟನೆಯ ದಿನ ತೆಗೆದರು? ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಆರು ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕಿಂತ ಉದ್ದವಿದ್ದರೆ 21 ದಿನ ಕಾಯಬೇಕು. ಮೌಲ್ಡಿನ ದಿನ ಅದೇ ಕಾಂಕ್ರೀಟಿನಿಂದ 150 ಮಿಲಿಮೀಟರಿನ ಕ್ಯೂಬ್‌ಗಳನ್ನು ತೆಗೆದಿಟ್ಟು 28ನೆಯ ದಿನ ಸಾಮರ್ಥ್ಯ ಪರೀಕ್ಷೆ ಮಾಡಿಸಿದ್ದಾರೆಯೇ? ಮಾಡಿಸಿಲ್ಲವಾದರೆ, ಸುತ್ತಲಿನ ಕಾಂಕ್ರೀಟಿನ ಬಗ್ಗೆಯೂ ಅನುಮಾನವಿದ್ದಲ್ಲಿ, ಎಂಜಿನಿಯರ್ ತೋರಿಸಿದ ಕಡೆಗಳಿಂದ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಬಹುದು. ಅವುಗಳ ಸರಾಸರಿ ಸಾಮರ್ಥ್ಯ ನಿಗದಿತ ಕ್ಯೂಬ್ ಸಾಮರ್ಥ್ಯದ ನೂರಕ್ಕೆ 85ಕ್ಕೂ, ಯಾವುದೇ ಒಂದು ಕೋರಿನದು 75ಕ್ಕೂ ಕಡಿಮೆಯಾಗಬಾರದು. ರಿಬೌಂಡ್ ಹ್ಯಾಮರ್ ಅಗ್ಗವಾದ ಪರೀಕ್ಷೆ, ಆದರೆ ಅದು ಹೇಳುವುದು ಮೇಲ್ಮೈಯ ಗಡಸುತನವನ್ನು ಮಾತ್ರ. ಅದೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರಬೇಡಿ.

ಗೃಹಿಣಿ, ಶಿವಮೊಗ್ಗ

ನಮ್ಮ ಮನೆಯ ತಾರಸಿ ಮೊದಲ ಮಳೆಗಾಲದಲ್ಲೇ ಸೋರಿತು. ಆಗ ಗುತ್ತಿಗೆದಾರರಿಗೆ ಕೊಡಬೇಕಾದದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಅವರು ನಮ್ಮ ಫೋನಿಗೆ ಉತ್ತರಿಸುವುದನ್ನೂ ಬಿಟ್ಟರು. ಎರಡು ವರ್ಷಗಳ ನಂತರ ತಮ್ಮನ ಮನೆ ಕಟ್ಟಿಸುವಾಗ ಆ ಪಾಠದಿಂದ ನಾನು ಬೇರೆ ರೀತಿ ನಡೆದುಕೊಂಡೆ, ಅದನ್ನಷ್ಟೇ ಹೇಳುತ್ತೇನೆ.

ಪ್ರತಿ ಶನಿವಾರ ಬಟವಾಡೆಗೆ ಮುಂಚೆ ಗುತ್ತಿಗೆದಾರರನ್ನೂ ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಮನೆಯನ್ನು ಒಂದು ಸುತ್ತು ಹಾಕುತ್ತಿದ್ದೆವು. ದೋಷವಿರುವ ಜಾಗಕ್ಕೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ನಮೂದಿಸಿ, ಯಾವ ವಾರದೊಳಗೆ ಸರಿಮಾಡುತ್ತಾರೆಂದು ಬರೆಸಿ ಇಬ್ಬರೂ ಸಹಿ ಹಾಕುತ್ತಿದ್ದೆವು. ಆರಂಭದಲ್ಲಿ ಗುತ್ತಿಗೆದಾರರಿಗೆ ಇದು ಅವಮಾನವೆನಿಸಿತು. ಕಾಫಿ ಕೊಟ್ಟು, ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ, ನಮ್ಮ ಮರೆವಿಗಾಗಿ ಬರೆಯುತ್ತಿದ್ದೇವೆ ಎಂದು ನಮ್ಮ ತಂದೆಯವರು ಹೇಳಿದ ಮೇಲೆ ಒಪ್ಪಿಕೊಂಡರು. ಮೂರನೆಯ ವಾರದಿಂದ ನಾವು ಬರುವ ಮೊದಲೇ ಮೇಸ್ತ್ರಿ ತಾವೇ ತಿದ್ದಿಡತೊಡಗಿದರು.

ನಿಮ್ಮ ಬಾತ್‌ರೂಮಿನ ವಿಷಯದಲ್ಲಿ ಒಂದು ಮಾತು. ಸೋರುವುದು ಈಗಲೇ ಕಂಡದ್ದು ನಿಮ್ಮ ಅದೃಷ್ಟವೆಂದೇ ತಿಳಿಯಿರಿ. ತಗ್ಗಿನ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಪೈಪುಗಳನ್ನು ಜೋಡಿಸಿ, ಹೊರಹೋಗುವ ಬಾಯಿಗಳನ್ನು ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಇಟ್ಟಿಗೆ ಚೂರು ತುಂಬುವುದು, ಟೈಲ್ಸ್ ಹಾಕುವುದು ಎಲ್ಲವೂ ಅದರ ನಂತರ. ತಾರಸಿಗೂ ಹೀಗೆಯೇ ಮಾಡಿ, ಜೊತೆಗೆ ವಾಟ ಸರಿಯಿದೆಯೇ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯನ್ನು ಗೋಲಾಗಿ ತೀಡಿದ್ದಾರೆಯೇ ಎಂದು ನೋಡಿ. ನಮ್ಮ ಮನೆ ಸೋರಿದ್ದು ಆ ಮೂಲೆಯಿಂದಲೇ.

ಸಣ್ಣ ಗುತ್ತಿಗೆದಾರ, ಹಾಸನ

ಇಲ್ಲಿ ನಮ್ಮ ಕಡೆಯ ಮಾತನ್ನೂ ಹೇಳಲು ಅನುಮತಿ ಕೊಡಿ. ಕ್ಯೂಬ್ ಪರೀಕ್ಷೆಯ ಖರ್ಚು ಯಾರದೆಂದು ಕೇಳಿದರೆ ಬಹುಪಾಲು ಮಾಲೀಕರು ಅದು ಬೇಡವೇ ಬೇಡ ಎನ್ನುತ್ತಾರೆ. ಲೇಬರ್ ಗುತ್ತಿಗೆಯಾದರೆ ಸಿಮೆಂಟ್, ಎಂ–ಸ್ಯಾಂಡ್ ಅವರೇ ತರಿಸಿರುತ್ತಾರೆ, ನೀರು ಹಾಕುವ ಹೊಣೆಯೂ ಅವರದೇ ಆಗಿರುತ್ತದೆ. ಬಿರುಕು ಬಿಟ್ಟಾಗ ಮಾತ್ರ ಎಲ್ಲವೂ ನಮ್ಮದು. ನಿಮ್ಮದು ಸಾಮಗ್ರಿ ಸಹಿತ ಗುತ್ತಿಗೆಯಾದ್ದರಿಂದ ಆ ಗೊಂದಲವಿಲ್ಲ. ಬೀಮನ್ನು ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕಾದದ್ದು ನಿಮ್ಮ ಗುತ್ತಿಗೆದಾರರೇ.

ಆದರೆ ಒಂದು ನಿಜವನ್ನು ಒಪ್ಪಿಕೊಳ್ಳಿ. ಹೆಚ್ಚು ತೆಗೆದುಕೊಂಡ ಹಣ ಬಹುಶಃ ಬೇರೊಂದು ಜಾಗದ ಕೆಲಸಕ್ಕೆ ಹೋಗಿರುತ್ತದೆ, ಅದನ್ನು ಹಿಂದಕ್ಕೆ ಕೇಳಿದರೆ ಅವರು ಕೆಲಸ ಬಿಟ್ಟು ಹೋಗುವ ಅಪಾಯವೇ ಹೆಚ್ಚು. ಉಳಿದಿರುವ ಮೂವತ್ತು ಭಾಗವನ್ನು ಸಣ್ಣ ಸಣ್ಣ ಹಂತಗಳಾಗಿ ಮರುಹಂಚಿಕೆ ಮಾಡಿ, ಬೀಮಿನ ದುರಸ್ತಿಯನ್ನೇ ಮೊದಲ ಹಂತವಾಗಿಟ್ಟು, ಕೊನೆಯ ಐದು ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಹೊಸ ಕಾಗದ ಬರೆಸಿಕೊಳ್ಳಿ. ನಡುವೆ ಗುತ್ತಿಗೆದಾರರನ್ನು ಬದಲಿಸುವ ಯೋಚನೆಯನ್ನು ಕೊನೆಯದಾಗಿಡಿ, ಏಕೆಂದರೆ ಇನ್ನೊಬ್ಬರ ಕಾಂಕ್ರೀಟಿಗೆ ನಾವು ಯಾರೂ ಹೊಣೆ ಹೊರುವುದಿಲ್ಲ. ಬದಲಿಸಲೇಬೇಕಾಗಿ ಬಂದರೆ, ಹಳಬರು ಜಾಗ ಬಿಡುವ ಮೊದಲು ಇಬ್ಬರೂ ಒಟ್ಟಿಗೆ ನಿಂತು ಆದ ಕೆಲಸದ ಅಳತೆ ತೆಗೆದು ಸಹಿ ಮಾಡಿರಬೇಕು.

ದೂರು ದಾಖಲಿಸಿದವರು, ಬೆಂಗಳೂರು

ಇಂತಹ ಪ್ರಕರಣಗಳಲ್ಲಿ ರೇರಾಗೆ (ರಿಯಲ್ ಎಸ್ಟೇಟ್ ಕಾಯಿದೆಯಡಿಯ ನಿಯಂತ್ರಣ ಪ್ರಾಧಿಕಾರಕ್ಕೆ) ಹೋಗಿ ಎಂದು ಅನೇಕರು ಸಲಹೆ ಕೊಡುತ್ತಾರೆ. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವ ಮನೆಗೆ ಅದು ಅನ್ವಯಿಸುವುದಿಲ್ಲ. ನೋಂದಾಯಿತ ಯೋಜನೆಯಲ್ಲಿ ಫ್ಲ್ಯಾಟ್ ಅಥವಾ ವಿಲ್ಲಾ ಕೊಂಡವರಿಗೆ ಮಾತ್ರ ಆ ಕಾಯಿದೆಯ 14(3)ನೆಯ ಕಲಮಿನ ರಕ್ಷಣೆಯಿದ್ದು, ಸ್ವಾಧೀನ ಪಡೆದ ಐದು ವರ್ಷಗಳೊಳಗೆ ತಿಳಿಸಿದ ರಚನಾ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ನಮ್ಮಂಥವರಿಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಅದರಲ್ಲಿ ಸೇವೆಯೆಂಬ ಪದದ ಅರ್ಥದೊಳಗೆ ಮನೆ ನಿರ್ಮಾಣವೂ ಸೇರಿದೆ. ಕೊಟ್ಟ ಪ್ರತಿಫಲ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

ನಾನು ಆ ದಾರಿಯಲ್ಲಿ ಹೋದೆ. ಪರೀಕ್ಷೆಯ ಅಗತ್ಯವಿಲ್ಲದಿದ್ದರೆ ಮೂರು ತಿಂಗಳು, ಇದ್ದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆಯಾದರೂ, ನನ್ನ ದೂರು ಮುಗಿಯಲು ಎರಡು ವರ್ಷ ಹಿಡಿಯಿತು, ಅದೂ ಮಧ್ಯಸ್ಥಿಕೆಯಲ್ಲಿ ರಾಜಿಯಾದದ್ದರಿಂದ. ನಮ್ಮ ಪರವಾಗಿ ನಿಂತದ್ದು ವಕೀಲರ ವಾದಕ್ಕಿಂತ ಹೆಚ್ಚಾಗಿ ಮೂರು ಕಾಗದಗಳು: ಸಹಿಯಾದ ಒಪ್ಪಂದ, ಬ್ಯಾಂಕ್ ಮೂಲಕ ಕೊಟ್ಟ ಹಣದ ವಿವರ, ದುರಸ್ತಿಗೆ ಮುಂಚೆ ಸ್ವತಂತ್ರ ಎಂಜಿನಿಯರ್ ಬರೆದ ವರದಿ. ನಗದಾಗಿ ಕೊಟ್ಟ ನಾಲ್ಕು ಲಕ್ಷವನ್ನು ಗುತ್ತಿಗೆದಾರರು ಪಡೆದೇ ಇಲ್ಲವೆಂದರು, ನಮ್ಮ ಬಳಿ ರಸೀದಿ ಇರಲಿಲ್ಲ. ಈಗಲೇ ಜಗಳಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ದೋಷಗಳನ್ನು ವಿವರಿಸಿ, ಚಿತ್ರಗಳನ್ನು ಲಗತ್ತಿಸಿ, 15 ದಿನಗಳ ಗಡುವು ಕೊಟ್ಟು ಸೌಜನ್ಯದ ಭಾಷೆಯಲ್ಲಿ ಒಂದು ಪತ್ರವನ್ನು ಮಾತ್ರ ಸ್ವೀಕೃತಿ ಬರುವಂತೆ ಕಳುಹಿಸಿ.

ಕೇಳಿದವರು, ಎರಡು ತಿಂಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಪತ್ರ ತಲುಪಿದ ದಿನ ಗುತ್ತಿಗೆದಾರರು ಮನೆಗೆ ಬಂದು ಬಹಳ ಬೇಸರದಿಂದ ಮಾತನಾಡಿದರು, ಒಂದು ವಾರ ಆಳುಗಳನ್ನೂ ಕಳುಹಿಸಲಿಲ್ಲ. ನಕ್ಷೆ ಮಾಡಿದ ಎಂಜಿನಿಯರ್ ಬಂದು ಬೀಮನ್ನು ಕೆತ್ತಿಸಿ ನೋಡಿದಾಗ ತೂತುಗಳು ಕಂಬಿಯಿಂದ ಸುಮಾರು ಒಂದೂವರೆ ಅಂಗುಲ ಹಿಂದಕ್ಕೆ ಹೋಗಿದ್ದವು. ಅದನ್ನು ತಮ್ಮ ಕಣ್ಣಾರೆ ನೋಡಿದ ಮೇಲೆ ಗುತ್ತಿಗೆದಾರರ ಧಾಟಿಯೇ ಬದಲಾಯಿತು. ಪ್ರಾಪ್ ಕೊಟ್ಟು ಮೈಕ್ರೋ ಕಾಂಕ್ರೀಟ್ ತುಂಬಿಸಿದ್ದಾರೆ, ಖರ್ಚು ಅವರದೇ. ಬಾತ್‌ರೂಮಿನ ಮೊದಲ ನೀರಿನ ಪರೀಕ್ಷೆಯಲ್ಲಿ ಪೈಪ್ ತೂರಿಸಿದ ಜಾಗದಿಂದ ಮತ್ತೆ ಒಸರಿತು, ಎರಡನೆಯದರಲ್ಲಿ ಒಣಗಿತ್ತು. ಕೊನೆಯ ಐದು ಭಾಗವನ್ನು ಮಳೆಗಾಲದವರೆಗೆ ಹಿಡಿಯಲು ಅವರು ಒಪ್ಪಲಿಲ್ಲ. ಮೂರು ಭಾಗಕ್ಕೆ ಇಬ್ಬರೂ ಒಪ್ಪಿ ಸಹಿ ಮಾಡಿದ್ದೇವೆ. ಗೃಹಪ್ರವೇಶವನ್ನು ಆಷಾಢ ಕಳೆದು ಶ್ರಾವಣಕ್ಕೆ ಹಾಕಿದ್ದೇವೆ. ತಾರಸಿಯ ಪರೀಕ್ಷೆ ಇನ್ನೂ ಬಾಕಿಯಿದೆ, ಮುಂದಿನ ಶನಿವಾರ ನೀರು ನಿಲ್ಲಿಸುತ್ತೇವೆ.